ಬಂದೀತು ಎಂಬ ಮಳೆ

ವರ್ಷವರ್ಷವೂ ಫೆಬ್ರವರಿ ತಿಂಗಳು ಮುಗಿಯುತ್ತ ಬಂದಿತೆಂದರೆ ನಮ್ಮ ಮನೆಗಳಿಗೆ ಎರಡು ಭವಿಷ್ಯವಾಣಿಗಳು ಒಂದರ ಹಿಂದೆ ಒಂದು ಬಂದು ಸೇರುತ್ತವೆ. ಒಂದು, ಭಾರತ ಹವಾಮಾನ ಇಲಾಖೆಯವರು ಮಾರ್ಚಿಯಿಂದ ಮೇವರೆಗಿನ ಮೂರು ತಿಂಗಳಿಗೆಂದು ಹೊರಡಿಸುವ ಮುನ್ಸೂಚನೆ. ಇನ್ನೊಂದು, ಯುಗಾದಿಗೆ ಮುನ್ನವೇ ಗ್ರಂದಿಗೆ ಅಂಗಡಿಗಳಲ್ಲಿ ದಾರಕ್ಕೆ ಸಿಕ್ಕಿಸಿ ತೂಗುಹಾಕಿರುವ ಹೊಸ ಸಂವತ್ಸರದ ಪಂಚಾಂಗ. ಒಂದನ್ನು ಪತ್ರಿಕೆಯ ಮೊದಲ ಪುಟದಲ್ಲಿ ಓದಿ ಮಡಿಸಿಡುತ್ತೇವೆ; ಇನ್ನೊಂದನ್ನು ಬೇವು ಬೆಲ್ಲ ತಿಂದ ಬಾಯಲ್ಲಿ ಕುಳಿತು ಕೇಳುತ್ತೇವೆ. ಎರಡೂ ಹೇಳಹೊರಡುವುದು ವಸಂತದ ಮಾತನ್ನೇ. ಆದರೆ ಎರಡರ ಮಾತಿನ ವ್ಯಾಕರಣ ಬೇರೆ. ಈ ವಾರ ಹೇಳಬೇಕೆಂದಿರುವುದು ಆ ವ್ಯಾಕರಣದ ವಿಷಯವನ್ನೇ. ವ್ಯಾಕರಣವೆಂದೊಡನೆ ವಾಚಕರು ಪುಟ ಮಗುಚಿ ಧಾರಾವಾಹಿಗೆ ಹೋಗಬಾರದಾಗಿ ಪ್ರಾರ್ಥನೆ. ಇದರಲ್ಲಿ ಮಳೆಯೂ ಉಂಟು, ಕಾಫಿಯೂ ಉಂಟು.

ಮೊದಲಿಗೆ ಒಂದು ಮಾತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಸಂತವೆಂಬ ಋತುವೇ ಇಲ್ಲ. ನಮ್ಮ ಆರು ಋತುಗಳನ್ನು ಅವರು ನಾಲ್ಕಕ್ಕೆ ಇಳಿಸಿದ್ದಾರೆ. ಜನವರಿ ಫೆಬ್ರವರಿ ಚಳಿಗಾಲ, ಮಾರ್ಚ್, ಏಪ್ರಿಲ್, ಮೇ ಮುಂಗಾರುಪೂರ್ವ ಕಾಲ, ಜೂನಿನಿಂದ ಸೆಪ್ಟೆಂಬರ್ ಮುಂಗಾರು, ಆಮೇಲಿನದು ಹಿಂಗಾರು. ಕವಿಗಳು ಕೋಗಿಲೆಗೂ ಮಾವಿನ ಚಿಗುರಿಗೂ ಕೊಟ್ಟ ಚೈತ್ರ ವೈಶಾಖಗಳು ಇಲ್ಲಿ ಮುಂಗಾರಿನ ಹೊಸ್ತಿಲಾಗಿವೆಯೇ ಹೊರತು ಸ್ವತಂತ್ರವಾದ ಮನೆಯಾಗಿಲ್ಲ. ಇದರಿಂದ ಕವಿಗಳಿಗೆ ಬೇಸರವಾಗಬಹುದು. ಆದರೆ ಬಯಲುಸೀಮೆಯ ರೈತನನ್ನು ಕೇಳಿನೋಡಿ. ಅವನ ವಸಂತವೂ ಕೋಗಿಲೆಯದಲ್ಲ, ಬಿಸಿಲಿನದು, ಬತ್ತುವ ಬಾವಿಯದು, ಸಂಜೆಯ ಗುಡುಗಿನದು, ಒಮ್ಮೊಮ್ಮೆ ಆಲಿಕಲ್ಲಿನದು. ಈ ವಿಷಯದಲ್ಲಿ ಇಲಾಖೆಯೂ ರೈತನೂ ಒಂದೇ ಪಕ್ಷ.

ಇನ್ನು ವ್ಯಾಕರಣಕ್ಕೆ ಬರೋಣ. ಕನ್ನಡದ ಕ್ರಿಯಾಪದಕ್ಕೆ ಮೂರು ಕಾಲಗಳಿವೆಯೆಂದು ಶಾಲೆಯ ಹುಡುಗರೂ ಬಲ್ಲರು. ಬಂದಿತು, ಬರುತ್ತದೆ, ಬರುವುದು. ಇವಲ್ಲದೆ ಇನ್ನೊಂದು ರೂಪವುಂಟು: ಬಂದೀತು. ಇದನ್ನು ವೈಯಾಕರಣರು ಸಂಭಾವನಾರ್ಥಕವೆಂದು ಕರೆದರು. ಇದು ಭವಿಷ್ಯತ್ತಿನ ಮಾತಾದರೂ ಭವಿಷ್ಯತ್ಕಾಲವಲ್ಲ. ಬರುವುದೆಂದು ಮಾತು ಕೊಡುವುದಿಲ್ಲ. ಬಾರದೆಂದು ಕೈಯನ್ನೂ ಕೊಡವುವುದಿಲ್ಲ. 'ಮಳೆ ಬಂದೀತು, ಬಟ್ಟೆ ತೆಗೆ' ಎನ್ನುವ ತಾಯಿ ಹವಾಮಾನವನ್ನು ಪ್ರಕಟಿಸುತ್ತಿಲ್ಲ. ಆಕೆ ಬಂದರೆ ಆಗುವ ನಷ್ಟವನ್ನೂ, ಬಟ್ಟೆ ತೆಗೆಯುವ ಶ್ರಮವನ್ನೂ ತೂಗಿ ನೋಡಿ, ಶ್ರಮವೇ ಅಗ್ಗವೆಂದು ತೀರ್ಮಾನಿಸಿದ್ದಾಳೆ. ಇಷ್ಟು ಲೆಕ್ಕವನ್ನೆಲ್ಲ ಒಂದು ಪ್ರತ್ಯಯದಲ್ಲಿ ಅಡಗಿಸಿಟ್ಟ ಭಾಷೆ ನಮ್ಮದು.

ಹವಾಮಾನ ಇಲಾಖೆಯ ಋತುವಿನ ಮುನ್ಸೂಚನೆ ಆದ್ಯಂತವಾಗಿ ಈ ಬಂದೀತು ಎಂಬ ರೂಪದಲ್ಲಿಯೇ ಇರತಕ್ಕದ್ದು. ಅದು ಪತ್ರಿಕೆಯ ತಲೆಬರಹವಾಗುವ ಹೊತ್ತಿಗೆ 'ಬರಲಿದೆ' ಎಂದಾಗಿರುತ್ತದೆ. ಬಿಸಿಲು ಹೆಚ್ಚಾದೀತೆಂದು ಅವರು ಬರೆದರೆ ಈ ಬೇಸಿಗೆ ನಾಡನ್ನು ಸುಡಲಿದೆಯೆಂದು ನಾವು ಓದುತ್ತೇವೆ. ಒಂದು ರಾತ್ರಿಯಲ್ಲಿ ಸಂಭಾವನೆ ನಿಶ್ಚಯವಾಗಿ ಬಿಡುತ್ತದೆ. ಮೂರು ತಿಂಗಳಾದ ಮೇಲೆ ಹಾಗಾಗಲಿಲ್ಲವೆಂದು ಇಲಾಖೆಯನ್ನು ಹಳಿಯುವವರೂ ಇದೇ ನಾವು.

ಮಳೆಯ ಭವಿಷ್ಯವನ್ನು ನುಡಿಯುವ ಆಸೆ ನಮ್ಮಲ್ಲಿ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೋಡಗಳು ಗರ್ಭ ಧರಿಸುತ್ತವೆಯೆಂದೂ, ಹಾಗೆ ಧರಿಸಿದ ೧೯೫ ದಿನಗಳಿಗೆ ಮಳೆಯಾಗಿ ಹೆರುತ್ತವೆಯೆಂದೂ ವಿಸ್ತಾರವಾಗಿ ಬರೆದಿದ್ದಾನೆ. ಆರೂವರೆ ತಿಂಗಳ ಮುನ್ಸೂಚನೆ! ಇಂದಿನ ಗಣಕಯಂತ್ರಗಳೂ ಅಷ್ಟು ದೂರಕ್ಕೆ ಒಂದು ದಿನದ ಮಳೆಯನ್ನು ಹೇಳುವ ಧೈರ್ಯ ಮಾಡುವುದಿಲ್ಲ. ಕನ್ನಡದಲ್ಲಿ ೧೦೨೫ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ವೃಷ್ಟಿಯ ವಿಚಾರವಿದೆ. ೧೩೦೦ರ ಸುಮಾರಿನ ಜೈನಕವಿ ರಟ್ಟನಂತೂ ಮಳೆ, ಗುಡುಗು, ಮಿಂಚು, ಭೂಕಂಪ, ಶಕುನಗಳಿಗೆಂದೇ ರಟ್ಟಮತವೆಂಬ ಒಂದು ಗ್ರಂಥವನ್ನು ರಚಿಸಿದ್ದಾನೆ. ಕಾವ್ಯದ ಚರಿತ್ರೆಯಲ್ಲಿ ಈ ಗ್ರಂಥಕ್ಕೆ ಎರಡು ಸಾಲು ಕೊಟ್ಟು ಮುಂದೆ ಹೋಗುವುದು ವಾಡಿಕೆ. ರಸವಿಲ್ಲವೆಂದು ಆಕ್ಷೇಪಣೆ ಇರಬೇಕು. ಮಳೆ ಬಾರದ ವರ್ಷ ಯಾವ ರಸವೂ ಇರುವುದಿಲ್ಲವೆಂಬುದನ್ನು ರಟ್ಟಕವಿ ಬಲ್ಲವನಾಗಿದ್ದನೆಂದು ನನಗೆ ತೋರುತ್ತದೆ.

ಹಳ್ಳಿಯ ಜನ ಆಧಾರವಾಗಿ ಹಿಡಿದದ್ದು ಮಳೆ ನಕ್ಷತ್ರಗಳನ್ನು. ಸೂರ್ಯನು ಏಪ್ರಿಲ್ ೧೪ರ ಸುಮಾರಿಗೆ ಅಶ್ವಿನಿಯನ್ನು ಹೊಗುತ್ತಾನೆ. ಅಲ್ಲಿಂದ ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ. ಯಾವ ಮಳೆಗೆ ಏನು ಬಿತ್ತಬೇಕು, ಯಾವ ಮಳೆ ಹೋದರೆ ಏನು ಹೋಯಿತು ಎಂಬುದೆಲ್ಲ ಗಾದೆಗಳಾಗಿ ನಿಂತಿದೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಇದು ಬಹುಮಟ್ಟಿಗೆ ಒಂದು ದಿನದರ್ಶಿಕೆ. ನೂರಾರು ವರ್ಷಗಳ ಅನುಭವವನ್ನು ಹದಿನೈದು ದಿನಗಳ ಬುಟ್ಟಿಗಳಲ್ಲಿ ತುಂಬಿಟ್ಟ ವ್ಯವಸ್ಥೆ. ಆದರೆ ಈ ಬುಟ್ಟಿಗಳು ನಿಂತಲ್ಲಿ ನಿಂತಿಲ್ಲವೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ನಕ್ಷತ್ರಗಳಿಂದ ಅಳೆಯುವ ವರ್ಷವು ಋತುಗಳಿಂದ ಅಳೆಯುವ ವರ್ಷಕ್ಕಿಂತ ಇಪ್ಪತ್ತು ನಿಮಿಷಗಳಷ್ಟು ದೀರ್ಘ. ಸುಮಾರು ಎಪ್ಪತ್ತೊಂದು ಎಪ್ಪತ್ತೆರಡು ವರ್ಷಗಳಿಗೆ ಇದು ಒಂದು ದಿನವಾಗುತ್ತದೆ. ಬಸವಣ್ಣನವರ ಕಾಲದಿಂದ ಇಲ್ಲಿಗೆ ಎಂಟುನೂರೈವತ್ತು ವರ್ಷಗಳೆಂದರೆ ಹನ್ನೆರಡು ದಿನ. ಅಂದರೆ ಅಂದಿನ ಒಕ್ಕಲಿಗನು ಭರಣಿಯ ಮಳೆಯೆಂದು ಯಾವ ಹೊತ್ತಿನ ಮಳೆಯನ್ನು ಕರೆಯುತ್ತಿದ್ದನೋ ಅದು ಇಂದು ಹೆಚ್ಚುಕಡಮೆ ಅಶ್ವಿನಿಯ ಪಾಲಿಗೆ ಬಂದಿದೆ. ಬಿಸಿಲೂ ಗಾಳಿಯೂ ಋತುವನ್ನು ಅನುಸರಿಸುತ್ತವೆಯೇ ಹೊರತು ನಕ್ಷತ್ರವನ್ನಲ್ಲ. ಗಾದೆ ಹಳೆಯದಾದಷ್ಟೂ ಅದನ್ನು ಕೆಲವು ದಿನ ಹಿಂದಕ್ಕೆ ಸರಿಸಿ ಓದಬೇಕು. ಹಾಗೆ ಓದುವವರನ್ನು ಮಾತ್ರ ನಾನು ಕಂಡಿಲ್ಲ.

ಪಂಚಾಂಗ ಶ್ರವಣದ ಸೊಗಸೇ ಬೇರೆ. ವರ್ಷಕ್ಕೊಬ್ಬ ರಾಜ, ಒಬ್ಬ ಮಂತ್ರಿ, ಸಸ್ಯಕ್ಕೊಬ್ಬ ಅಧಿಪತಿ, ಮೇಘಕ್ಕೊಬ್ಬ ಅಧಿಪತಿ. ಇಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಪರ್ವತಕ್ಕೆ ಇಷ್ಟು, ನೆಲಕ್ಕೆ ಇಷ್ಟು. ಸಮುದ್ರಕ್ಕೂ ಬೆಟ್ಟಕ್ಕೂ ಪಾಲು ಹೋದ ಮೇಲೆ ಉಳಿದದ್ದು ನಮ್ಮದೆಂಬ ಆ ವಿನಯ ನನಗೆ ಮೆಚ್ಚಿಗೆಯಾದದ್ದು. ಆದರೆ ಅಲ್ಲಿಯ ಕ್ರಿಯಾಪದವನ್ನು ಗಮನಿಸಿ: ಮಳೆಯಾಗುವುದು, ಬೆಳೆಯಾಗುವುದು, ಪ್ರಜೆಗಳಿಗೆ ಸುಖವುಂಟಾಗುವುದು. ಎಲ್ಲವೂ ಭವಿಷ್ಯತ್ಕಾಲ, ಸಂಭಾವನೆಗೆ ಎಡೆಯೇ ಇಲ್ಲ. ಕೇಳಲು ಹಿತವಾಗುವುದೂ ಇದಕ್ಕಾಗಿಯೇ.

ಇಲಾಖೆಯ ಭಾಷೆ ಸಂಶಯದ ಭಾಷೆಯಾದದ್ದು ಹೇಗೆ? ಅದರ ಹಿಂದೆ ಒಂದು ಭಯಂಕರವಾದ ಕಥೆಯಿದೆ. ೧೮೭೬ರಿಂದ ೧೮೭೮ರವರೆಗಿನ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲು ಅಳಿದುಹೋಯಿತು. ಇಲಾಖೆ ಅದಕ್ಕೆ ಒಂದು ವರ್ಷ ಮೊದಲು, ೧೮೭೫ರಲ್ಲಿ, ಹುಟ್ಟಿತ್ತು. ಅದರ ಮೊದಲ ಮುಖ್ಯಸ್ಥನಾದ ಬ್ಲಾನ್‌ಫರ್ಡನನ್ನು ಸರ್ಕಾರ ಮುಂದಿನ ಮಳೆಯನ್ನು ಹೇಳಬಲ್ಲೆಯಾ ಎಂದು ಕೇಳಿತು. ಹಿಮಾಲಯದ ಮೇಲಿನ ಹಿಮವನ್ನು ನೋಡಿ ಅವನು ಕೆಲವು ವರ್ಷ ಪರೀಕ್ಷೆಗಾಗಿ ಹೇಳಿನೋಡಿದ. ೧೮೮೬ರಿಂದ ಕ್ರಮವಾಗಿ ಮುನ್ಸೂಚನೆ ಹೊರಟಿತು. ೧೯೦೪ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಹವೆಯನ್ನು ಬಲ್ಲವನಲ್ಲ, ಕೇಂಬ್ರಿಜ್ಜಿನ ಗಣಿತಜ್ಞ. ಬೂಮರಾಂಗ್ ಎಸೆಯುವುದು ಅವನ ಹುಚ್ಚು. ಆತ ಲೋಕದ ಮೂಲೆಮೂಲೆಗಳ ವಾಯುಭಾರದ ಅಂಕಿಗಳನ್ನು ತರಿಸಿ, ಪೆಸಿಫಿಕ್ ಸಾಗರದ ಮೇಲೆ ಭಾರ ಏರಿದರೆ ಹಿಂದೂ ಸಾಗರದ ಮೇಲೆ ಇಳಿಯುತ್ತದೆಂಬ ಏತದಾಟವನ್ನು ಕಂಡುಹಿಡಿದ. ಇಂದು ಎಲ್ ನಿನೊ, ಲಾ ನಿನಾ ಎಂದು ನಾವು ಕೇಳುವ ಕಥೆಯ ಅರ್ಧಭಾಗ ಇದು. ಸಮುದ್ರದ ನೀರು ಬೇಗನೆ ಕಾಯುವುದಿಲ್ಲ, ಬೇಗನೆ ಆರುವುದೂ ಇಲ್ಲ. ಆ ನಿಧಾನವೇ ಋತುವಿನ ಮುನ್ಸೂಚನೆಗೆ ಆಧಾರ. ಗಾಳಿಗೆ ನೆನಪಿಲ್ಲ, ಸಮುದ್ರಕ್ಕೆ ಇದೆ.

ಈಗ ಆ ಕೆಲಸವನ್ನು ಗಣಕಗಳು ಮಾಡುತ್ತವೆ. ಇಂದಿನ ಸಮುದ್ರವನ್ನೂ ಗಾಳಿಯನ್ನೂ ಆರಂಭಕ್ಕೆ ಇಟ್ಟುಕೊಂಡು ಮುಂದಿನ ತಿಂಗಳುಗಳನ್ನು ಲೆಕ್ಕಹಾಕುತ್ತಾರೆ. ಒಂದು ಬಾರಿಯಲ್ಲ, ಆರಂಭವನ್ನು ಕೂದಲೆಳೆಯಷ್ಟು ಬದಲಿಸಿ ಬದಲಿಸಿ ಹತ್ತಾರು ಬಾರಿ. ಆರಂಭದ ಅಣುವಿನಷ್ಟು ವ್ಯತ್ಯಾಸವೂ ಎರಡು ವಾರ ಕಳೆಯುವಷ್ಟರಲ್ಲಿ ಬೆಟ್ಟವಾಗಿ ಬೆಳೆಯುತ್ತದೆಂದು ಲೊರೆಂಜ್ ೧೯೬೩ರಿಂದೀಚೆಗೆ ತೋರಿಸಿಕೊಟ್ಟಿದ್ದಾನೆ. ಆದಕಾರಣ ಇಂಥ ದಿನ ಇಂಥ ಊರಿಗೆ ಮಳೆಯೆಂದು ಎರಡು ತಿಂಗಳ ಮೊದಲು ಯಾರೂ ಹೇಳಲಾರರು. ಹೇಳಬಹುದಾದದ್ದು, ಆ ಹತ್ತಾರು ಲೆಕ್ಕಗಳಲ್ಲಿ ಎಷ್ಟು ಒದ್ದೆಯ ಕಡೆಗೆ ವಾಲಿದವು, ಎಷ್ಟು ಒಣಗಿನ ಕಡೆಗೆ ಎಂಬುದನ್ನು.

ಇಲ್ಲಿ ಒಂದು ಶಬ್ದದ ಬಳಿ ನಿಲ್ಲಬೇಕು. ವಾಡಿಕೆ. 'ವಾಡಿಕೆಗಿಂತ ಹೆಚ್ಚು', 'ವಾಡಿಕೆಯಷ್ಟು', 'ವಾಡಿಕೆಗಿಂತ ಕಡಮೆ'. ರೂಢಿ, ಪದ್ಧತಿ ಎಂಬ ಅರ್ಥದ ಈ ಹಳೆಯ ಮಾತನ್ನು ಸರಾಸರಿಯೆಂಬ ಅರ್ಥದಲ್ಲಿ ಹವಾಮಾನಕ್ಕೆ ತಂದ ಪುಣ್ಯಾತ್ಮರು ಯಾರೋ, ಅವರಿಗೆ ನಮಸ್ಕಾರ. ಸರಾಸರಿ ಎಂದರೆ ಬರಿಯ ಭಾಗಾಕಾರ. ವಾಡಿಕೆ ಎಂದರೆ ಮಳೆಗೂ ನಮಗೂ ಒಂದು ಒಪ್ಪಂದವಿದ್ದಂತೆ. ಅಪಾಯವೂ ಅಲ್ಲಿಯೇ ಇದೆ. ವಾಡಿಕೆಯ ಮಳೆ ಬಾರದಿದ್ದರೆ ಆಕಾಶ ಮಾತಿಗೆ ತಪ್ಪಿತೆಂದು ನಮಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ಅರ್ಧ ಶತಮಾನದ ಲೆಕ್ಕದಿಂದ ತೆಗೆದ ಒಂದು ಅಂಕಿ, ಅದೂ ಸ್ಥಿರವಲ್ಲ. ೧೯೬೧ರಿಂದ ೨೦೧೦ರವರೆಗಿನ ಲೆಕ್ಕದಲ್ಲಿ ದೇಶದ ಮುಂಗಾರಿನ ವಾಡಿಕೆ ೮೮ ಸೆಂಟಿಮೀಟರು; ೨೦೨೨ರಲ್ಲಿ ಅದನ್ನು ಬಿಟ್ಟು ೧೯೭೧ರಿಂದ ೨೦೨೦ರ ಲೆಕ್ಕ ಹಿಡಿದಾಗ ೮೭ ಆಯಿತು.

ಋತುವಿನ ನಕ್ಷೆಯಲ್ಲಿ ಬಣ್ಣ ಬಳಿಯುವ ಕ್ರಮವೂ ಸರಳವಾದದ್ದೇ. ಹಿಂದಿನ ವರ್ಷಗಳನ್ನೆಲ್ಲ ಮಳೆಯ ಪ್ರಕಾರ ಸಾಲಾಗಿ ನಿಲ್ಲಿಸಿ ಮೂರು ಪಾಲು ಮಾಡುತ್ತಾರೆ: ಹೆಚ್ಚು, ನಡುವಣದು, ಕಡಮೆ. ಏನೂ ತಿಳಿಯದವನು ಕಣ್ಣುಮುಚ್ಚಿ ಹೇಳಿದರೂ ಒಂದೊಂದು ಪಾಲಿಗೂ ಮೂರರಲ್ಲಿ ಒಂದು ಸಂಭಾವನೆ ಇದ್ದೇ ಇದೆ. ಗಣಕದ ಲೆಕ್ಕ ಅದನ್ನು ನೂರಕ್ಕೆ ಐವತ್ತಕ್ಕೆ ಏರಿಸಿತೆನ್ನಿ. ಆಗ ನಕ್ಷೆಯಲ್ಲಿ ಆ ಸೀಮೆ ಹಸುರಾಗುತ್ತದೆ, ಪತ್ರಿಕೆಯಲ್ಲಿ ಉತ್ತಮ ಮಳೆಯ ಸುದ್ದಿಯಾಗುತ್ತದೆ. ಅಂಥ ಹತ್ತು ವರ್ಷಗಳಲ್ಲಿ ಐದು ವರ್ಷ ಹಾಗಾಗುವುದಿಲ್ಲವೆಂದೂ ಅದೇ ಹಸುರು ಹೇಳುತ್ತಿದೆ. ಇದನ್ನು ಓದುವವರು ಬಹಳ ಕಡಮೆ.

ವಸಂತದ ಮಳೆಯಂತೂ ಮುಂಗಾರಿಗಿಂತಲೂ ಹಠಮಾರಿ. ಮುಂಗಾರು ಒಂದು ಸಮುದ್ರವೇ ಎದ್ದು ಬಂದಂತೆ; ಅದರ ಚಲನೆಯನ್ನು ದೂರದಿಂದ ಕಾಣಬಹುದು. ಏಪ್ರಿಲಿನ ಗುಡುಗುಮಳೆ ಹಾಗಲ್ಲ. ಬೆಳಗಿನಿಂದ ಕಾದ ನೆಲ, ಕಡಲಿನಿಂದ ನುಗ್ಗಿದ ಒಂದಿಷ್ಟು ತೇವ, ವಿದರ್ಭ ಮರಾಠವಾಡಗಳ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ದಕ್ಷಿಣಕ್ಕೆ ಇಳಿಯುವ ಗಾಳಿಯ ಒಂದು ತಗ್ಗುಸಾಲು; ಇವು ಕೂಡಿದ ಮಧ್ಯಾಹ್ನ ನಾಲ್ಕು ಗಂಟೆಗೆ ಮೋಡ ಗೋಪುರದಂತೆ ಎದ್ದು, ಗಂಟೆ ಎರಡು ಗಂಟೆ ಸುರಿದು, ಕರಗಿಹೋಗುತ್ತದೆ. ಕೆರೆಯ ಈ ಏರಿಗೆ ಮಳೆ, ಆ ಏರಿಗೆ ಧೂಳು. ಇದೂ ಸಾಲದೆಂಬಂತೆ ಇನ್ನೊಂದು ತೊಡಕುಂಟು. ಪೆಸಿಫಿಕ್ಕಿನ ಮುಂದಿನ ನಡೆಯನ್ನು ಹೇಳುವ ಲೆಕ್ಕಗಳು ಮಾರ್ಚಿಯಿಂದ ಮೇವರೆಗಿನ ಆರಂಭದಿಂದ ಹೊರಟಾಗಲೇ ಹೆಚ್ಚು ಎಡವುತ್ತವೆ. ಇದನ್ನು ವಿಜ್ಞಾನಿಗಳು ವಸಂತದ ತಡೆಯೆಂದೇ ಕರೆಯುತ್ತಾರೆ. ವಸಂತ ಇಲಾಖೆಯ ಲೆಕ್ಕದಲ್ಲಿ ಇಲ್ಲವೆಂದೆನಲ್ಲವೆ? ತಡೆಯಾಗಿ ಮಾತ್ರ ಉಳಿದುಕೊಂಡಿದೆ.

೨೦೨೪ ಮತ್ತು ೨೦೨೫ನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿ. ಎಲ್ ನಿನೊವಿನ ೨೦೨೩ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಮುಂದಿನ ಬೇಸಿಗೆ ವಾಡಿಕೆಗಿಂತ ಬಿಸಿಯಾದೀತೆಂದರು, ಆಯಿತು. ೨೦೨೪ರ ಏಪ್ರಿಲ್ ೨೮ರಂದು ಬೆಂಗಳೂರಿನಲ್ಲಿ ೩೮.೫ ಡಿಗ್ರಿ ಸೆಲ್ಸಿಯಸ್. ತಂಪಿನ ಊರೆಂದು ಹೆಸರಾದ ಪಟ್ಟಣದ ಜನ ನೀರಿನ ಟ್ಯಾಂಕರಿಗೆ ಕಾದು ನಿಂತ ಬೇಸಿಗೆ ಅದು. ೨೦೨೫ರ ಮಾರ್ಚಿ ಕೊನೆಯಲ್ಲಿಯೂ ಏಪ್ರಿಲಿನಿಂದ ಜೂನಿನವರೆಗೆ ದೇಶದ ಬಹುಭಾಗ ವಾಡಿಕೆಗಿಂತ ಬಿಸಿಯಾದೀತೆಂದೇ ಹೇಳಿದರು. ಆ ಮೇ ತಿಂಗಳು ಕೊಡೆ ಹಿಡಿದು ಬಂತು. ೧೯೦೧ರಿಂದೀಚೆಗೆ ದೇಶ ಕಂಡ ಅತ್ಯಂತ ಹೆಚ್ಚು ಮಳೆಯ ಮೇ ಅದು. ಮುಂಗಾರು ಜೂನ್ ೧ಕ್ಕೆ ಬರುವ ಬದಲು ಮೇ ೨೪ಕ್ಕೇ ಕೇರಳವನ್ನು ಮುಟ್ಟಿತು. ನಮ್ಮ ರಾಜ್ಯದಲ್ಲಿ ಮಾರ್ಚಿಯಿಂದ ಮೇವರೆಗಿನ ವಾಡಿಕೆ ೧೧೫ ಮಿಲಿಮೀಟರು, ಸುರಿದದ್ದು ೨೮೬. ಹಾಗಾದರೆ ೨೦೨೪ರಲ್ಲಿ ಇಲಾಖೆ ಗೆದ್ದಿತು, ೨೦೨೫ರಲ್ಲಿ ಸೋತಿತು ಎನ್ನಬೇಕೆ? ಒಂದು ವರ್ಷವನ್ನು ಹಿಡಿದು ಸಂಭಾವನೆಯ ಮಾತನ್ನು ಸರಿಯೆಂದಾಗಲಿ ತಪ್ಪೆಂದಾಗಲಿ ತೀರ್ಪು ಕೊಡುವುದು ಸಾಧ್ಯವಿಲ್ಲ. ನೂರಕ್ಕೆ ಅರವತ್ತು ಎಂದದ್ದು ನೂರಾರು ಬಾರಿಯಲ್ಲಿ ಅರವತ್ತರ ಸುಮಾರು ಆಯಿತೆ ಎಂದು ನೋಡಬೇಕು. ಇದು ಇಲಾಖೆಯ ಪರವಾದ ವಕಾಲತ್ತಲ್ಲ. ಆ ಲೆಕ್ಕವನ್ನು, ಇಷ್ಟು ಬಾರಿ ಹೇಳಿದೆವು ಇಷ್ಟು ಬಾರಿ ಆಯಿತು ಎಂಬ ಜಮಾಖರ್ಚನ್ನು, ಜನರಿಗೆ ಅರ್ಥವಾಗುವ ಕನ್ನಡದಲ್ಲಿ ಅವರು ವರ್ಷವರ್ಷವೂ ಮುಂದಿಡಬೇಕೆಂಬುದು ನನ್ನ ಬೇಡಿಕೆ.

ಈ ಅಂಕಿಗಳೊಳಗೆ ಇನ್ನೊಂದು ಸಂಗತಿ ಅಡಗಿದೆ. ೧೧೫ ಮಿಲಿಮೀಟರಿನ ವಾಡಿಕೆಯಲ್ಲಿ ೭೪ ಮೇ ತಿಂಗಳೊಂದರದೇ. ೨೦೨೫ರ ೨೮೬ರಲ್ಲಿಯೂ ೨೧೯ ಮೇ ತಿಂಗಳದು. 'ವಸಂತದಲ್ಲಿ ಮಳೆ ಹೆಚ್ಚಾದೀತು' ಎಂಬ ಮಾತು ನಿಜವಾದರೂ, ಅದು ಮಾರ್ಚಿಯಲ್ಲಿ ಮಳೆ ಬೇಕಾದವನಿಗೆ ಒಂದು ಹನಿಯನ್ನೂ ಕೊಡದೆ ನಿಜವಾಗಬಲ್ಲದು.

ಮಾರ್ಚಿಯ ಮಳೆ ಯಾರಿಗೆ ಬೇಕೆಂದು ಕೇಳುವವರು ಮಲೆನಾಡಿನ ಕಾಫಿ ತೋಟಕ್ಕೆ ಹೋಗಬೇಕು. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಅದರ ಹಣೆಬರಹ ಬಹುಮಟ್ಟಿಗೆ ಒಂದು ದಿನದ ಮಳೆಯಲ್ಲಿ ಬರೆದಿರುತ್ತದೆ. ಅದಕ್ಕೆ ಹೂಮಳೆಯೆಂದು ಹೆಸರು. ಗಿಡದ ಮೊಗ್ಗು ಬೇಸಿಗೆಯಲ್ಲಿ ಒಣಗಿ ಮಲಗಿರುತ್ತದೆ. ಒಂದು ಇಂಚಿನಷ್ಟು ಮಳೆ ಒಮ್ಮೆಗೇ ಬಿದ್ದರೆ, ಎಂಟು ಹತ್ತು ದಿನಗಳಿಗೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳಿ ನಿಲ್ಲುತ್ತದೆ. ಮಲ್ಲಿಗೆಯನ್ನು ಹೋಲುವ ಆ ಪರಿಮಳಕ್ಕೆ ರಸ್ತೆಯಲ್ಲಿ ಹೋಗುವ ಬಸ್ಸಿನವರೂ ತಲೆ ಹೊರಗೆ ಹಾಕುತ್ತಾರೆ. ಕಾಲಿಂಚು ಬಿದ್ದು ನಿಂತರೆ ಮೊಗ್ಗು ಅರಳಲೂ ಆರದೆ, ಹಿಂತಿರುಗಲೂ ಆರದೆ ಕೆಡುತ್ತದೆ. ಅರಳಿದ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಆಮೇಲೆ ಎರಡು ಮೂರು ವಾರಗಳಲ್ಲಿ ಕಾಯಿಯನ್ನು ನಿಲ್ಲಿಸುವ ಇನ್ನೊಂದು ಮಳೆ ಬೇಕು. ಇದಕ್ಕೆ ತೋಟದವರು ಬ್ಯಾಕಿಂಗ್ ಮಳೆಯೆನ್ನುತ್ತಾರೆ. ಮಳೆಯನ್ನು ಅವರು ಅಳೆಯುವುದೂ ಇಂಚು ಮತ್ತು ಸೆಂಟಿನಲ್ಲಿ; ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟು. ಮಾರ್ಚಿಯಲ್ಲಿ ಅಲ್ಲಿಯ ಜನ ಎದುರುಬದುರಾದರೆ ಮೊದಲ ಮಾತು, 'ನಿಮ್ಮಲ್ಲಿ ಎಷ್ಟು ಸೆಂಟ್ ಆಯಿತು?'

ಕೆಲವು ವರ್ಷಗಳ ಹಿಂದೆ, ಮುನ್ಸೂಚನೆ ಪತ್ರಿಕೆಯಲ್ಲಿ ಬಂದ ವಾರ, ಮೂಡಿಗೆರೆಯ ಕಡೆ ಸಣ್ಣ ತೋಟವಿರುವ ನನ್ನ ಸೋದರಮಾವನ ಮನೆಗೆ ಹೋಗಿದ್ದೆ. ತೋಟದ ಕೆರೆಯಲ್ಲಿ ನೀರು ತಳ ಕಂಡಿತ್ತು. ಸ್ಪ್ರಿಂಕ್ಲರ್ ಹಾಕಿದರೆ ಕೆಳಗಿನ ರೋಬಸ್ಟಾಕ್ಕೆ ಒಂದು ಸುತ್ತಿಗೆ ಆದೀತು, ಅಷ್ಟೆ. ಮೇಲಿನ ಇಳಿಜಾರಿನ ಅರೇಬಿಕಾಕ್ಕೆ ಆಕಾಶವೇ ಗತಿ.

"ಏನೋ ಮಾರಾಯ, ಮೇಷ್ಟ್ರಾಗಿದ್ದೀಯ, ಪೇಪರು ಓದುತ್ತೀಯ. ಮಳೆ ಉಂಟೋ ಇಲ್ಲವೋ, ಒಂದು ಮಾತಿನಲ್ಲಿ ಹೇಳು" ಎಂದರು ಮಾವ.

"ಮೂರು ತಿಂಗಳ ಮಳೆ ವಾಡಿಕೆಗಿಂತ ಹೆಚ್ಚಾದೀತು ಎಂದು ಬರೆದಿದ್ದಾರೆ, ಮಾವ."

"ಮೂರು ತಿಂಗಳದು ಕಟ್ಟಿಕೊಂಡು ನನಗೇನಾಗಬೇಕು? ಹೂವಿಗೆ ಬೇಕಾದ್ದು ಒಂದು ದಿನದ್ದು."

"ಅದನ್ನು ಈಗಲೇ ಯಾರೂ ಹೇಳಲಾರರು. ಐದು ದಿನ ಮುಂಚೆ ಹೇಳಿಯಾರು."

ಮಾವ ಸ್ವಲ್ಪ ಹೊತ್ತು ಎಲೆಯಡಿಕೆ ಜಗಿಯುತ್ತ ಕುಳಿತರು. ಆಮೇಲೆ, "ಐದು ದಿನ ಕಾದು ಬಾರದಿದ್ದರೆ ಮೊಗ್ಗು ಇರುತ್ತದೋ ಇಲ್ಲವೋ. ನೀರು ಬಿಟ್ಟ ಮಾರನೆಯ ದಿನವೇ ಮಳೆ ಬಂದರೆ ಡೀಸೆಲ್ಲಿನ ದುಡ್ಡು ಹೋಯಿತು, ಬರಲಿ. ಬಿಡದೆ ಕೂತು ಮಳೆಯೂ ಬಾರದಿದ್ದರೆ ವರ್ಷದ ಬೆಳೆಯೇ ಹೋಯಿತು. ಬಂದೀತು ಅಂತ ಕೂರುವುದಕ್ಕೆ ಆಗುವುದಿಲ್ಲ ಕಣೋ" ಎಂದು ಎದ್ದರು. ಮರುದಿನ ಬೆಳಗ್ಗೆ ಪಂಪು ಶುರುವಾಯಿತು.

ಹವಾಮಾನದ ಅರ್ಥಶಾಸ್ತ್ರದಲ್ಲಿ ಇದಕ್ಕೆ ದೊಡ್ಡ ದೊಡ್ಡ ಸೂತ್ರಗಳಿವೆ. ಮಾವ ಅವನ್ನು ಎಲೆಯಡಿಕೆಯ ಜೊತೆಗೆ ಅರಗಿಸಿಕೊಂಡಿದ್ದರು. ಮುನ್ಸೂಚನೆ ಅವರಿಗೆ ಏನು ಮಾಡಬೇಕೆಂದು ಹೇಳಲಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ. ಆಯಿತೇನು ಎಂದು ಕೇಳುವವರಿಗಾಗಿ ಹೇಳುತ್ತೇನೆ: ಆ ತಿಂಗಳು ಗುಡ್ಡದಾಚೆಯ ತೋಟಕ್ಕೆ ಎಪ್ಪತ್ತು ಸೆಂಟ್ ಬಿದ್ದ ಸಂಜೆ ಮಾವನ ಅರೇಬಿಕಾಕ್ಕೆ ಎರಡು ಹನಿ ಬಿತ್ತು. ನಾಲ್ಕು ದಿನಗಳ ಮೇಲೆ ಅವರಿಗೂ ಇಂಚು ಮಳೆಯಾಯಿತು. ಇದರಿಂದ ಅವರ ತೀರ್ಮಾನ ಸರಿಯೆಂದಾಗಲಿ ತಪ್ಪೆಂದಾಗಲಿ ಆಗಲಿಲ್ಲ. ಪಂಪು ಹಾಕಿದ ದಿನ ಅವರಿಗೆ ತಿಳಿದಿದ್ದಷ್ಟರಲ್ಲಿ ಅದು ಸರಿಯಾಗಿಯೇ ಇತ್ತು.

ಮೂಡಿಗೆರೆಯಲ್ಲಿ ಕೈಮುಗಿದು ಕರೆಯುವ ಇದೇ ಮಳೆಯನ್ನು ವಿಜಯಪುರದಲ್ಲಿ ಬೇಡವೆಂದು ಕೈಮುಗಿಯುತ್ತಾರೆ. ಅಲ್ಲಿ ಅದು ದ್ರಾಕ್ಷಿಯನ್ನು ಕೊಯ್ದು ಶೆಡ್ಡುಗಳ ನೆರಳಿನಲ್ಲಿ ಹರಡಿ ಒಣದ್ರಾಕ್ಷಿ ಮಾಡುವ ಕಾಲ. ಎರಡು ದಿನ ಮೋಡ ಕವಿದು ಹನಿದರೆ ಬಣ್ಣ ಕಪ್ಪಾಗಿ ಬೆಲೆ ಬೀಳುತ್ತದೆ. ಶ್ರೀನಿವಾಸಪುರದ ಮಾವಿನ ತೋಪಿಗೆ ಮೆಲ್ಲಗೆ ಬಂದ ಮಳೆ ಒಳ್ಳೆಯದೇ. ಗಾಳಿಯೊಡನೆ, ಆಲಿಕಲ್ಲಿನೊಡನೆ ಬಂದರೆ ಕಾಯಿಯೆಲ್ಲ ನೆಲದ ಮೇಲೆ. ಹೀಗಿರುವಲ್ಲಿ 'ಉತ್ತಮ ಮಳೆ' ಎಂದು ರಾಜ್ಯಕ್ಕೆಲ್ಲ ಒಂದೇ ವಿಶೇಷಣವನ್ನು ಹಚ್ಚುವ ಪತ್ರಿಕೆಗಳು ಯಾರ ಉತ್ತಮವೆಂದು ಹೇಳುವುದಿಲ್ಲ. ಇಲಾಖೆ ಕೂಡ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರೇ ತುಂಡು ಮಾಡಿದೆ. ಮೂಡಿಗೆರೆಯೂ ಶ್ರೀನಿವಾಸಪುರವೂ ಒಂದೇ ತುಂಡಿನಲ್ಲಿವೆ! ಋತುವಿನ ಲೆಕ್ಕ ಅದಕ್ಕಿಂತ ಸಣ್ಣದಾಗಿ ಸೀಳಲು ಬಾರದೆಂಬುದು ನಿಜ. ಆದರೆ ಓದುವವನಿಗೆ ಅದನ್ನು ನೆನಪಿಸುವುದಕ್ಕೆ ಏನು ಕಷ್ಟ?

ಹತ್ತಿರದ ಮುನ್ಸೂಚನೆಗಳ ಸಂಗತಿ ಬೇರೆ. ಕೃಷಿ ವಿಶ್ವವಿದ್ಯಾಲಯಗಳ ಕೇಂದ್ರಗಳಿಂದ ಮಂಗಳವಾರ ಮತ್ತು ಶುಕ್ರವಾರಗಳಂದು ಐದು ದಿನಗಳ ಮಾತು ಕನ್ನಡದಲ್ಲಿಯೇ ಹೊರಡುತ್ತದೆ. ೧೯೮೮ರಲ್ಲಿ ಬರದ ಉಸ್ತುವಾರಿಗೆಂದು ಆರಂಭವಾದ ರಾಜ್ಯದ ಕೇಂದ್ರ ಈಗ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನು ನೆಟ್ಟು ಬಿದ್ದ ಮಳೆ ಎಷ್ಟೆಂದು ಕೂಡಲೇ ತಿಳಿಸುತ್ತದೆ. ಇವುಗಳ ಭಾಷೆಯನ್ನು ಕುರಿತು ನಗುವುದು ನಮ್ಮವರಿಗೆ ಅಭ್ಯಾಸ. 'ಒಂದೆರಡು ಕಡೆ ಮಳೆಯಾಗುವ ಸಾಧ್ಯತೆ' ಎಂದು ಆಕಾಶವಾಣಿಯಲ್ಲಿ ಬಂದರೆ, ಎಲ್ಲಿಯಾದರೂ ಆಗಿಯೇ ಆಗುತ್ತದೆ ಬಿಡಿ ಎಂದು ಹಾಸ್ಯ ಮಾಡುತ್ತೇವೆ. ಆ ಮಾತಿಗೆ ಅಳತೆಯುಂಟು. ಆ ಸೀಮೆಯ ಮಳೆಮಾಪಕಗಳಲ್ಲಿ ನೂರಕ್ಕೆ ಇಪ್ಪತ್ತೈದನ್ನು ಮೀರದಿದ್ದರೆ 'ಒಂದೆರಡು ಕಡೆ'. ಐವತ್ತರವರೆಗೆ 'ಕೆಲವು ಕಡೆ'. ಎಪ್ಪತ್ತೈದರವರೆಗೆ 'ಹಲವು ಕಡೆ'. ಅದಕ್ಕೂ ಮೇಲಾದರೆ 'ಬಹುತೇಕ ಎಲ್ಲ ಕಡೆ'. ನಾಲ್ಕು ಮಾತುಗಳು, ನಾಲ್ಕು ಅಳತೆಗಳು. ಇವನ್ನು ಒಮ್ಮೆ ಬಿಡಿಸಿ ಹೇಳಿದ್ದರೆ ಕೇಳುಗರು ಎಂದೋ ಕಲಿತುಕೊಳ್ಳುತ್ತಿದ್ದರು. ಸೇರು ಪಾವು ಚಟಾಕುಗಳನ್ನು ಕಲಿತ ಜನ ನಾವು.

ಇನ್ನೂ ಹತ್ತಿರದ್ದು ಮೂರು ಗಂಟೆಗಳ ಎಚ್ಚರಿಕೆ. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ನಮ್ಮ ರಾಜ್ಯದಲ್ಲಿ ಸಿಡಿಲಿಗೆ ಸಿಕ್ಕಿ ಸಾಯುವವರು ಹೆಚ್ಚಾಗಿ ಹೊಲದಲ್ಲಿ ದುಡಿಯುವವರು, ಕುರಿ ಕಾಯುವವರು, ಹನಿ ಬಿದ್ದೊಡನೆ ಮರದಡಿಗೆ ಓಡಿದವರು. ಪುಣೆಯ ಹವಾವಿಜ್ಞಾನ ಸಂಸ್ಥೆಯವರು ಸಿಡಿಲಿನ ಸುಳಿವು ಕೊಡಲು ದಾಮಿನಿಯೆಂಬ ಒಂದು ಆ್ಯಪ್ ಮಾಡಿದ್ದಾರೆ, ಹೆಸರೂ ಸೊಗಸಾಗಿದೆ. ಕುರಿ ಕಾಯುವ ಹುಡುಗನ ಕೈಯಲ್ಲಿ ಅದು ಇದ್ದೀತೆ ಎಂಬುದು ಬೇರೆ ಪ್ರಶ್ನೆ. ಇಲ್ಲದಿದ್ದರೆ ಊರಿನ ಧ್ವನಿವರ್ಧಕದಲ್ಲಿ ಯಾರಾದರೂ ಕೂಗಿ ಹೇಳಬೇಕು. ಹಾಗೆ ಕೂಗುವಾಗ 'ಗುಡುಗು ಸಹಿತ ಮಳೆಯಾಗುವ ಸಾಧ್ಯತೆಯಿರುವುದರಿಂದ ಸಾರ್ವಜನಿಕರು ಮುನ್ನೆಚ್ಚರಿಕೆ ವಹಿಸತಕ್ಕದ್ದು' ಎಂದು ಓದಿದರೆ ಹುಡುಗ ತಲೆಯೆತ್ತಿಯೂ ನೋಡಲಾರ. 'ಸಿಡಿಲು ಹೊಡೆದೀತು, ಮರದ ಕೆಳಗೆ ನಿಲ್ಲಬೇಡಿ, ಮನೆಗೆ ಬನ್ನಿ' ಎಂದರೆ ಸಾಕು.